ಎದೆ ಎಕ್ಸ್-ರೇಯಲ್ಲಿ ಕಾಣದ ಟಿಬಿ



ಯುಕೆ ವೀಸಾಗೆ ಅರ್ಜಿ ಹಾಕೋ ಮುಂಚೆ ನಾವೆಲ್ಲರೂ ಟಿಬಿ ಪರೀಕ್ಷೆ ಮಾಡಿಸಿಕೊಂಡೇ ಬಂದವರು. ಭಾರತದಿಂದ 6 ತಿಂಗಳಿಗಿಂತ ಹೆಚ್ಚು ಕಾಲ ಇರೋಕೆ ಬರುವವರಿಗೆ ಅದು ಕಡ್ಡಾಯ. ಮಾನ್ಯತೆ ಇರುವ ಕ್ಲಿನಿಕ್‌ಗೆ ಹೋಗಿ, ಎದೆಯ ಎಕ್ಸ್-ರೇ ತೆಗೆಸಿ, ಸರ್ಟಿಫಿಕೇಟನ್ನು ಫೈಲಿಗೆ ಸೇರಿಸಿ ಮರೆತುಬಿಡ್ತೇವೆ. ಆದರೆ ಆ ಸರ್ಟಿಫಿಕೇಟ್ ಹೇಳೋದು ಒಂದೇ ವಿಷಯ: ಆ ದಿನ ನಮ್ಮ ಶ್ವಾಸಕೋಶದಲ್ಲಿ ಟಿಬಿಯ ಗುರುತು ಕಾಣಲಿಲ್ಲ ಅಂತ. ಹೊಟ್ಟೆಯ ಬಗ್ಗೆ ಅದು ಏನನ್ನೂ ಹೇಳೋದಿಲ್ಲ.

ಟಿಬಿ ಅಂದ ಕೂಡಲೇ ನಮಗೆ ನೆನಪಾಗೋದು ಕೆಮ್ಮು, ಕಫ. ಆದರೆ ಕ್ಷಯ ಕರುಳಿಗೂ ಬರುತ್ತೆ. ಬಂದು, ನಿಧಾನವಾಗಿ ಕರುಳನ್ನು ಕಿರಿದು ಮಾಡಿ, ಒಂದು ದಿನ ಪೂರ್ತಿ ಕಟ್ಟಿಹಾಕಬಹುದು. ನಮ್ಮ ಬಳಗದ ಗೆಳೆಯನೊಬ್ಬನಿಗೆ ಕಳೆದ ವರ್ಷ ಇದೇ ಕಾಯಿಲೆ ಬಂತು. ಈಗ ಅವನು ಆರಾಮಾಗಿದ್ದಾನೆ. "ಬರೀರಿ, ಬೇರೆಯವರಿಗೆ ಉಪಯೋಗ ಆಗ್ಲಿ" ಅಂತ ಅವನೇ ಹೇಳಿದ. ನಾವು ವೈದ್ಯರಲ್ಲ, ಇಂಜಿನಿಯರಿಂಗ್ ಓದಿದವರು. ಆದ್ದರಿಂದ ಇದನ್ನು ಚಿಕಿತ್ಸೆಯ ಸಲಹೆ ಅಂತ ಓದಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಅವರು ಹೇಳಿದ್ದನ್ನು ಹೇಗೆ ಅರ್ಥ ಮಾಡ್ಕೋಬೇಕು ಅನ್ನೋದಕ್ಕೆ ಒಂದು ತಯಾರಿ ಅಂತ ಓದಿ.

ಹೊಟ್ಟೆಗೆ ಹೇಗೆ ಬರುತ್ತೆ?

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದನ್ನು ಪ್ರಕಟಿಸಿದರು. ಅದಕ್ಕೇ ಆ ದಿನ ವಿಶ್ವ ಕ್ಷಯ ದಿನ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ನಾಲ್ವರಲ್ಲಿ ಒಬ್ಬರಿಗೆ ಈ ಸೋಂಕು ಯಾವಾಗಲೋ ತಗುಲಿರುತ್ತೆ. ಹಾಗೆ ತಗುಲಿದವರಲ್ಲಿ ಶೇಕಡಾ 5ರಿಂದ 10ರಷ್ಟು ಜನರಿಗೆ ಮಾತ್ರ ಜೀವಮಾನದಲ್ಲಿ ಕಾಯಿಲೆ ಆಗುತ್ತೆ. ಉಳಿದವರಲ್ಲಿ ದೇಹ ಅದನ್ನು ಮಲಗಿಸಿಟ್ಟಿರುತ್ತೆ. ಇದಕ್ಕೆ ಸುಪ್ತ ಟಿಬಿ ಅಂತಾರೆ. ಮಲಗಿದ್ದು ವರ್ಷಗಳ ನಂತರ, ಇನ್ನೊಂದು ದೇಶದಲ್ಲಿ ಎದ್ದೇಳಬಹುದು.

ಹೊಟ್ಟೆಗೆ ಅದು ಬರೋ ದಾರಿಗಳು ಕೆಲವಿವೆ. ಶ್ವಾಸಕೋಶದಲ್ಲಿ ಕಾಯಿಲೆ ಇದ್ದವರು ಕಫ ನುಂಗಿದಾಗ, ರಕ್ತದ ಮೂಲಕ, ಪಕ್ಕದ ದುಗ್ಧರಸ ಗ್ರಂಥಿಗಳಿಂದ. ಕಾಯಿಸದ ಹಾಲಿನಿಂದ ದನಗಳ ಕ್ಷಯವೂ ಬರಬಹುದು. ಹಾಲು ಉಕ್ಕಿಸದೆ ಲೋಟಕ್ಕೆ ಹಾಕದ ನಮ್ಮ ಮನೆಗಳಲ್ಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಕರುಳಿನಲ್ಲಿ ಅದಕ್ಕೆ ಇಷ್ಟವಾದ ಜಾಗ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಸಂಧಿ. ಹೊಟ್ಟೆಯ ಬಲಗಡೆ ಕೆಳಭಾಗ, ಅಪೆಂಡಿಕ್ಸ್ ಇರೋ ಕಡೆ. ಅಲ್ಲಿ ಆಹಾರ ಸ್ವಲ್ಪ ಹೊತ್ತು ನಿಂತು ಮುಂದಕ್ಕೆ ಹೋಗುತ್ತೆ, ಜೊತೆಗೆ ದುಗ್ಧರಸದ ಅಂಗಾಂಶವೂ ಅಲ್ಲಿ ಹೆಚ್ಚು. ಬ್ಯಾಕ್ಟೀರಿಯಾಕ್ಕೆ ನಿಲ್ಲೋಕೆ ಸಮಯ, ಒಳಗೆ ಹೋಗೋಕೆ ಬಾಗಿಲು, ಎರಡೂ ಸಿಗುತ್ತವೆ.

ಪೈಪು ಕಿರಿದಾಗುವುದು

ಕರುಳಿನ ಗೋಡೆಯಲ್ಲಿ ದುಗ್ಧರಸ ನಾಳಗಳು ಉಂಗುರದಂತೆ ಸುತ್ತುವರಿದಿರುತ್ತವೆ. ಕ್ಷಯದ ಹುಣ್ಣು ಆ ನಾಳಗಳ ದಾರಿಯನ್ನೇ ಹಿಡಿಯೋದರಿಂದ ಅದು ಕರುಳಿನ ಉದ್ದಕ್ಕೆ ಹರಡದೆ, ಸುತ್ತಲೂ ಹರಡುತ್ತೆ. ಹುಣ್ಣು ಮಾಗಿದಾಗ ಕಲೆ ಉಳಿಯುತ್ತೆ, ಕಲೆ ಕುಗ್ಗುತ್ತೆ. ಮೊಣಕಾಲಿನ ಗಾಯದ ಕಲೆ ಕುಗ್ಗಿದರೆ ಚರ್ಮ ಸ್ವಲ್ಪ ಬಿಗಿಯಾಗುತ್ತೆ, ಅಷ್ಟೆ. ಉಂಗುರದಂಥ ಕಲೆ ಕುಗ್ಗಿದರೆ ಹಗ್ಗ ಬಿಗಿದಂತೆ ನಡುವಿನ ದಾರಿಯೇ ಮುಚ್ಚುತ್ತಾ ಬರುತ್ತೆ. ಅಂದ್ರೆ ಹುಣ್ಣು ವಾಸಿಯಾಗುವ ಪ್ರಕ್ರಿಯೆಯೇ ಅಡಚಣೆಯನ್ನು ಹೆಚ್ಚಿಸಬಹುದು. ಈ ಮಾತು ಚಿಕಿತ್ಸೆಯ ಭಾಗದಲ್ಲಿ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ದಾರಿ ಕಿರಿದಾಗೋದಕ್ಕೆ ಇನ್ನೂ ಕಾರಣಗಳಿವೆ. ಕೆಲವರಲ್ಲಿ ಗೋಡೆಯೇ ದಪ್ಪವಾಗಿ ಗಡ್ಡೆಯಂತಾಗುತ್ತೆ. ಕೆಲವರಲ್ಲಿ ಹೊಟ್ಟೆಯ ಒಳಪದರಕ್ಕೆ ಟಿಬಿ ಆಗಿ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನು ಕೆಲವರಲ್ಲಿ ಊದಿದ ಗ್ರಂಥಿಗಳು ಹೊರಗಿನಿಂದ ಒತ್ತುತ್ತವೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಒಂದು ಲೆಕ್ಕ ನೆನಪಿರಬಹುದು. ಪೈಪಿನ ವ್ಯಾಸ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಅರ್ಧ ಆಗೋದಿಲ್ಲ, 16ರಲ್ಲಿ 1 ಪಾಲಾಗುತ್ತೆ. ಕರುಳು ಗಟ್ಟಿ ಪೈಪಲ್ಲ, ಅದು ತಾನೇ ಹಿಂಡಿ ತಳ್ಳುವ ಪಂಪು. ಹಾಗಾಗಿ ಈ ಲೆಕ್ಕ ಅಲ್ಲಿ ಹಾಗೇ ಕೂರೋದಿಲ್ಲ. ಆದರೂ ತುಂಬಾ ದಿನ "ಪರವಾಗಿಲ್ಲ" ಅನ್ನಿಸಿದ್ದು ಒಮ್ಮೆಲೇ ಯಾಕೆ ಕೈ ಮೀರುತ್ತೆ ಅನ್ನೋದು ಅರ್ಥವಾಗೋಕೆ ಇದು ಸಾಕು. ಕಿರಿದಾದ ಜಾಗದ ಮುಂಚಿನ ಭಾಗ ಹೆಚ್ಚು ಬಲ ಹಾಕಿ ತಳ್ಳುತ್ತೆ. ಊಟವಾದ ಮೇಲೆ ಹೊಟ್ಟೆ ನುಲಿಯೋದು, ಗುಡುಗುಡು ಅನ್ನೋದು ಆ ಹೋರಾಟದ ಸದ್ದು.

ಕರುಳು ಪೂರ್ತಿ ಕಟ್ಟಿಕೊಂಡರೆ ನಾವು ಕುಡಿದ ನೀರಷ್ಟೇ ನಿಲ್ಲೋದಿಲ್ಲ. ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದೇಹವೇ ದಿನಕ್ಕೆ 7 ಲೀಟರಿನಷ್ಟು ದ್ರವವನ್ನು ಕರುಳಿಗೆ ಸುರಿಯುತ್ತೆ, ಬಹುಪಾಲನ್ನು ಮತ್ತೆ ಹೀರಿಕೊಳ್ಳುತ್ತೆ. ಅಡಚಣೆ ಆದಾಗ ಆ ದ್ರವ ಒಳಗೇ ನಿಂತು ವಾಂತಿಯಾಗುತ್ತೆ, ಇತ್ತ ರಕ್ತದಲ್ಲಿ ನೀರು, ಪೊಟ್ಯಾಶಿಯಂ ಕಡಿಮೆಯಾಗುತ್ತೆ. ಉಬ್ಬಿದ ಗೋಡೆಗೆ ರಕ್ತ ಸಾಲದೆ ಹೋದರೆ ಕರುಳು ಕೊಳೆಯಬಹುದು, ತೂತಾಗಬಹುದು. ಆಗ ಅದು ಗಂಟೆಗಳ ಲೆಕ್ಕದ ವಿಷಯ.

ಯಾವಾಗ ಅನುಮಾನ ಪಡಬೇಕು?

ಕರುಳಿನ ಟಿಬಿಗೆ ಅಂತಲೇ ಒಂದು ವಿಶೇಷ ಲಕ್ಷಣ ಇಲ್ಲ. ಅದೇ ದೊಡ್ಡ ತೊಂದರೆ. ಒಟ್ಟಿಗೆ ಸೇರಿದಾಗ ಮಾತ್ರ ಚಿತ್ರ ಮೂಡುತ್ತೆ:

• ವಾರಗಟ್ಟಲೆ ಬಂದು ಹೋಗುವ ನೋವು, ಅದೂ ಊಟದ ನಂತರ. ವಾಂತಿಯಾದರೆ ಅಥವಾ ಗಾಳಿ ಹೋದರೆ ಸಮಾಧಾನ.
• ಹೊಟ್ಟೆಯಲ್ಲಿ ಚೆಂಡಿನಂತೆ ಏನೋ ಉಬ್ಬಿ, ಸರಿದು, ಮಾಯವಾದ ಹಾಗೆ ಅನ್ನಿಸೋದು.
• ಕಾರಣವಿಲ್ಲದೆ ತೂಕ ಇಳಿಯೋದು, ಹಸಿವಿಲ್ಲದಿರೋದು.
• ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು.
• ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ.
• ಹೆಣ್ಣುಮಕ್ಕಳಲ್ಲಿ ಕೆಲವೊಮ್ಮೆ ಮುಟ್ಟು ನಿಲ್ಲೋದು.

ಇಲ್ಲಿಗೆ ಬಂದ ಮೊದಲ ವರ್ಷದಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಸುಲಭದ ಉತ್ತರ ಇರುತ್ತೆ. ತೂಕ ಇಳಿದರೆ "ಅಮ್ಮನ ಅಡುಗೆ ಇಲ್ಲ", ನೋವು ಬಂದರೆ "ಹೊರಗಿನ ಊಟ", ಸುಸ್ತಾದರೆ "ಡೆಡ್‌ಲೈನ್". ಓಮದ ನೀರು, ಇಂಗು ಹಾಕಿದ ಮಜ್ಜಿಗೆ ಗ್ಯಾಸಿಗೆ ಸಮಾಧಾನ ಕೊಡುತ್ತವೆ, ತಪ್ಪೇನಿಲ್ಲ. ಆದರೆ ಎರಡು ಮೂರು ವಾರವಾದರೂ ಬಿಡದ ನೋವಿನ ಜೊತೆ ತೂಕವೂ ಇಳೀತಿದ್ರೆ, ಅದು ಓಮದ ನೀರಿಗೆ ಬಗ್ಗುವ ವಿಷಯವಲ್ಲ.

ಸೂಟ್‌ಕೇಸಿನಲ್ಲಿ ಬಂದ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಹೊಟ್ಟೆ ಕೆಟ್ಟರೆ ಅಂತ ನಮ್ಮಲ್ಲಿ ಬಹಳ ಜನ ಊರಿನಿಂದ ಒಫ್ಲಾಕ್ಸಾಸಿನ್ ತರಹದ ಆಂಟಿಬಯಾಟಿಕ್ ಪಟ್ಟಿಗಳನ್ನು ತಂದಿರುತ್ತೇವೆ. ಈ ಗುಂಪಿನ ಔಷಧಿಗಳು ಟಿಬಿ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಅದುಮುತ್ತವೆ. ಕಾಯಿಲೆ ವಾಸಿಯಾಗೋದಿಲ್ಲ, ಆದರೆ ಲಕ್ಷಣ ತಗ್ಗಿ, ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಗದೆ, ಪತ್ತೆ ತಡವಾಗಬಹುದು. ಕರುಳು ಕಟ್ಟಿದ ಅನುಮಾನ ಇದ್ದಾಗ ಭೇದಿ ಮಾತ್ರೆ ತಗೊಳ್ಳೋದೂ ಅಪಾಯ.

1960ರ ದಶಕದ ಮೊದಲಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಟಿಬಿ ಬಗ್ಗೆ ಅಧ್ಯಯನ ಮಾಡಿದ್ದರು. ರೋಗಿಗಳಿಗೆ ತಮ್ಮ ಕಷ್ಟ ಚೆನ್ನಾಗಿಯೇ ಗೊತ್ತಿತ್ತು. ಅವರಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ, ಟಿಬಿ ಪರೀಕ್ಷೆ ಅಲ್ಲ. ಅನುಮಾನ ಪಡೋದೇ ಈ ಕಾಯಿಲೆಯ ಮೊದಲ ಪರೀಕ್ಷೆ ಅಂತ ಆ ಅಧ್ಯಯನದಿಂದ ನಾವು ಕಲಿಯಬಹುದು. ಹೊಟ್ಟೆಯ ಟಿಬಿಗೆ ಈ ಮಾತು ಇನ್ನೂ ಹೆಚ್ಚು ನಿಜ.

ಪತ್ತೆ ಹಚ್ಚುವ ಹಾದಿ

ಹೊಟ್ಟೆಯ ಟಿಬಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಎದೆ ಎಕ್ಸ್-ರೇ ನಾರ್ಮಲ್ ಇರುತ್ತೆ. ಹಾಗಾಗಿ ಹೊಟ್ಟೆಯನ್ನೇ ನೋಡಬೇಕು.

ತುರ್ತಿನಲ್ಲಿ ಹೋದರೆ ಹೊಟ್ಟೆಯ ಎಕ್ಸ್-ರೇಯಲ್ಲಿ ಉಬ್ಬಿದ ಕರುಳು, ಒಳಗೆ ಗಾಳಿ ಮೇಲೆ ನೀರು ಕೆಳಗೆ ನಿಂತ ಗೆರೆಗಳು ಕಾಣಬಹುದು. ಸಣ್ಣ ಕರುಳು 3 ಸೆಂಟಿಮೀಟರಿಗಿಂತ ಅಗಲವಾಗಿದ್ರೆ ಉಬ್ಬಿದೆ ಅಂತ ಲೆಕ್ಕ. ಅಡಚಣೆ ಎಲ್ಲಿದೆ, ಯಾಕಿದೆ ಅಂತ ತಿಳಿಯೋಕೆ ಸಿಟಿ ಸ್ಕ್ಯಾನ್ ಬೇಕು. ಆ ಸಂಧಿಯಲ್ಲಿ ದಪ್ಪವಾದ ಗೋಡೆ, ನಡುವೆ ಕೊಳೆತು ಕಪ್ಪಾಗಿ ಕಾಣುವ ಗ್ರಂಥಿಗಳು, ಹೊಟ್ಟೆಯಲ್ಲಿ ನೀರು, ಇವೆಲ್ಲ ಟಿಬಿಯ ಕಡೆ ಬೆರಳು ತೋರಿಸುತ್ತವೆ. ಹೊಟ್ಟೆಯಲ್ಲಿ ನೀರಿದ್ದರೆ ಅದನ್ನು ಸೂಜಿಯಿಂದ ತೆಗೆದು ಎಡಿಎ ಅನ್ನೋ ಕಿಣ್ವದ ಪ್ರಮಾಣ ನೋಡ್ತಾರೆ. ಅದು ಹೆಚ್ಚಿದ್ರೆ ಅನುಮಾನ ಬಲವಾಗುತ್ತೆ.

ಆದರೆ ಚಿತ್ರ ಸಾಕ್ಷಿಯಲ್ಲ. ಸಾಕ್ಷಿ ಬೇಕಾದರೆ ಅಂಗಾಂಶವೇ ಬೇಕು. ಕೊಲೊನೋಸ್ಕೋಪಿ ಮಾಡಿ, ಹುಣ್ಣಿನ ಅಂಚು ಮತ್ತು ತಳದಿಂದ ಹಲವು ತುಣುಕುಗಳನ್ನು ತೆಗೀತಾರೆ. ಆ ತುಣುಕುಗಳು ಮೂರು ಕಡೆ ಹೋಗುತ್ತವೆ. ಮೈಕ್ರೋಸ್ಕೋಪಿನ ಕೆಳಗೆ ಗ್ರಾನ್ಯುಲೋಮಾ ಅನ್ನೋ ಕಣಗಳ ಗುಂಪು ಇದೆಯಾ, ಅದರ ನಡುವೆ ಗಿಣ್ಣಿನಂತೆ ಕೊಳೆತ ಭಾಗ ಇದೆಯಾ ಅಂತ ನೋಡ್ತಾರೆ. ಜೀನ್‌ಎಕ್ಸ್‌ಪರ್ಟ್ ಯಂತ್ರ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕಿ, ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತಾ ಅಂತಲೂ ಸುಮಾರು 2 ಗಂಟೆಯಲ್ಲಿ ಹೇಳುತ್ತೆ. ಮೂರನೆಯದು ಕಲ್ಚರ್, ಅಂದ್ರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡೋದು. ಇದಕ್ಕೆ ವಾರಗಳೇ ಬೇಕು. ಕರುಳಿನ ತುಣುಕಿನಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ ಇರೋದರಿಂದ ಒಂದು ಪರೀಕ್ಷೆ ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥವಲ್ಲ. ನಮ್ಮ ಗೆಳೆಯನಿಗೆ ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂತು. ಕಲ್ಚರ್ ಪಾಸಿಟಿವ್ ಬಂದದ್ದು ಐದನೇ ವಾರದಲ್ಲಿ.

ಕೈಗೆ ಚುಚ್ಚುವ ಮಾಂಟೂ ಪರೀಕ್ಷೆ, ರಕ್ತದ ಇಗ್ರಾ ಪರೀಕ್ಷೆ ಇವೆರಡೂ ಸೋಂಕು ತಗುಲಿದೆಯಾ ಅಂತ ಹೇಳುತ್ತವೆ. ಅದು ಮಲಗಿದೆಯಾ ಎದ್ದಿದೆಯಾ ಅಂತ ಹೇಳೋದಿಲ್ಲ.

ಇನ್ನು ದೊಡ್ಡ ಗೊಂದಲ ಕ್ರೋನ್ಸ್ ಕಾಯಿಲೆಯದು. ಅದೂ ಅದೇ ಸಂಧಿಯಲ್ಲಿ, ಅದೇ ವಯಸ್ಸಿನವರಿಗೆ ಬರುತ್ತೆ. ಅದರಲ್ಲೂ ಹುಣ್ಣು, ಗ್ರಾನ್ಯುಲೋಮಾ, ಕಿರಿದಾದ ಕರುಳು. ಇಲ್ಲಿ ಜಿಪಿ ಮೊದಲು ಮಾಡಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಎರಡರಲ್ಲೂ ಏರಿರಬಹುದು. ಬ್ರಿಟನ್ನಿನಲ್ಲಿ ಕ್ರೋನ್ಸ್ ಸಾಮಾನ್ಯ, ಕರುಳಿನ ಟಿಬಿ ಅಪರೂಪ. ಭಾರತದಲ್ಲಿ ಟಿಬಿ ಇವತ್ತಿಗೂ ಸಾಮಾನ್ಯ. ಹಾಗಾಗಿ ರೋಗಿ ಎಲ್ಲಿಂದ ಬಂದವನು ಅನ್ನೋದು ಇಲ್ಲಿ ವೈದ್ಯಕೀಯ ಮಾಹಿತಿಯೇ. ತಪ್ಪಿದರೆ ನಷ್ಟ ದೊಡ್ಡದು: ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡ್, ಬಯಾಲಜಿಕ್ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಒಳಗಿರೋದು ಟಿಬಿ ಆಗಿದ್ದರೆ ಅದು ಮೈ ತುಂಬ ಹರಡಬಹುದು. ಎಷ್ಟು ನೋಡಿದರೂ ತೀರ್ಮಾನ ಆಗದಿದ್ದಾಗ ವೈದ್ಯರು ಕೆಲವೊಮ್ಮೆ ಟಿಬಿ ಔಷಧಿಯನ್ನೇ ಮೊದಲು ಕೊಟ್ಟು, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯಾ ಅಂತ ನೋಡ್ತಾರೆ.

ಚಿಕಿತ್ಸೆ: ಮೊದಲು ಬಿಡುವು, ಆಮೇಲೆ ಔಷಧಿ, ಬೇಕಾದರೆ ಕತ್ತರಿ

ಅಡಚಣೆಯಾಗಿ ಆಸ್ಪತ್ರೆ ಸೇರಿದವರಿಗೆ ಮೊದಲ ಕೆಲಸ ಕರುಳಿಗೆ ವಿಶ್ರಾಂತಿ ಕೊಡೋದು. ಬಾಯಿಂದ ಏನೂ ಇಲ್ಲ. ಮೂಗಿನಿಂದ ಜಠರಕ್ಕೆ ಟ್ಯೂಬ್ ಇಳಿಸಿ ನಿಂತ ದ್ರವವನ್ನು ಹೊರಗೆ ತೆಗೀತಾರೆ. ಡ್ರಿಪ್ ಹಾಕಿ ನೀರು, ಲವಣಗಳನ್ನು ಸರಿಮಾಡ್ತಾರೆ. ಪೂರ್ತಿ ಕಟ್ಟಿರದಿದ್ದರೆ ಬಹಳ ಸಲ ಇಷ್ಟರಲ್ಲೇ ದಾರಿ ಮತ್ತೆ ತೆರೆದುಕೊಳ್ಳುತ್ತೆ.

ನಂತರ ಮೂಲಕ್ಕೆ ಔಷಧಿ. ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು. ಮುಂದಿನ 4 ತಿಂಗಳು ಮೊದಲ ಎರಡು. ಹೊಟ್ಟೆಯ ಟಿಬಿಗೆ ಇನ್ನೂ ಹೆಚ್ಚು ತಿಂಗಳು ಬೇಕು ಅನ್ನೋ ಅಭಿಪ್ರಾಯ ಬಹಳ ಕಾಲ ಇತ್ತು. ಭಾರತದಲ್ಲಿ 6 ತಿಂಗಳು ಮತ್ತು 9 ತಿಂಗಳ ಚಿಕಿತ್ಸೆಯನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಒಂದೇ ಮಟ್ಟದ ಫಲ ಕೊಟ್ಟವು. 2016ರ ಭಾರತೀಯ ಮಾರ್ಗಸೂಚಿಯೂ 6 ತಿಂಗಳನ್ನೇ ಶಿಫಾರಸು ಮಾಡಿತು. ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ತಳಿಯಾಗಿದ್ದರೆ ಮಾತ್ರ ಲೆಕ್ಕ ಬೇರೆ.

ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ (ಲಿವರ್‌ಗೆ ಪೆಟ್ಟಾಗಿರಬಹುದು), ಬಣ್ಣ ಅಥವಾ ದೃಷ್ಟಿ ಮಂಕಾದರೆ (ಎಥಾಂಬ್ಯುಟಾಲ್‌ನಿಂದ) ಅದೇ ದಿನ ಫೋನ್ ಮಾಡಬೇಕು. ಕೈಕಾಲು ಜೋಮು ಬಾರದಿರಲಿ ಅಂತ ವಿಟಮಿನ್ ಬಿ6 ಕೊಡ್ತಾರೆ. ಮದ್ಯ ಬೇಡ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು, ರಿಫಾಂಪಿಸಿನ್ ಅದರ ಶಕ್ತಿಯನ್ನು ಕುಂದಿಸುತ್ತೆ.

ಈಗ ಮೊದಲು ಹೇಳಿದ ಉಂಗುರದ ಮಾತಿಗೆ ಬರೋಣ. ಬಾವಿನಿಂದ ಕಿರಿದಾದ ದಾರಿ ಔಷಧಿಗೆ ತೆರೆದುಕೊಳ್ಳುತ್ತೆ. ಆದರೆ ಆಗಲೇ ಗಟ್ಟಿ ನಾರಾಗಿರುವ ಕಲೆಯನ್ನು ಯಾವ ಮಾತ್ರೆಯೂ ಕರಗಿಸೋದಿಲ್ಲ. ಕೆಲವರಲ್ಲಿ ಹುಣ್ಣು ಮಾಗುತ್ತಾ ಉಂಗುರ ಇನ್ನೂ ಬಿಗಿಯಾಗಿ, ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವಾಗಲೇ ಅಡಚಣೆ ಆಗಬಹುದು. ನಮ್ಮ ಗೆಳೆಯನಿಗೆ ಎರಡನೇ ತಿಂಗಳಿನಲ್ಲಿ ಹೀಗಾಗಿ ಮೂರು ದಿನ ಟ್ಯೂಬ್ ಹಾಕಿಸಿಕೊಂಡು ಮಲಗಬೇಕಾಯ್ತು. "ಔಷಧಿ ಕೆಲಸ ಮಾಡ್ತಿಲ್ಲ, ಬಿಟ್ಟುಬಿಡ್ತೀನಿ" ಅಂತ ಅವನು ಹೇಳಿದ್ದು ಆಗಲೇ. ವೈದ್ಯರು ಬಿಡಿಸಿ ಹೇಳಿದರು, ಮುಂದುವರಿಸಿದ, ಆಪರೇಷನ್ ಇಲ್ಲದೆ ಪಾರಾದ.

ಪೂರ್ತಿ ಅಡಚಣೆ, ಕರುಳು ತೂತಾಗೋದು, ರಕ್ತ ಸಂಚಾರ ನಿಲ್ಲೋದು, ಅಥವಾ ಔಷಧಿಗೆ ಬಗ್ಗದೆ ಮತ್ತೆ ಮತ್ತೆ ಕಟ್ಟಿಕೊಳ್ಳೋದು, ಇಂಥ ಸಂದರ್ಭದಲ್ಲಿ ಶಸ್ತ್ರಚಿಕಿತ್ಸೆ ಬೇಕು. ಸಣ್ಣ ಉಂಗುರವಾದರೆ ಕರುಳನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುತ್ತಾರೆ. ಉದ್ದ ಸ್ವಲ್ಪ ಕಡಿಮೆಯಾಗಿ ಅಗಲ ಹೆಚ್ಚುತ್ತೆ, ಕರುಳಿನ ಒಂದಿಂಚೂ ಹೋಗೋದಿಲ್ಲ. ಹಾಳಾದ ಭಾಗ ದೊಡ್ಡದಾಗಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಜೋಡಿಸುತ್ತಾರೆ. ಕೆಲವು ಕಡೆ ಎಂಡೋಸ್ಕೋಪಿಯಿಂದಲೇ ಬಲೂನ್ ಊದಿ ಅಗಲಿಸೋದೂ ಸಾಧ್ಯ. ಏನೇ ಮಾಡಿದರೂ ಟಿಬಿ ಔಷಧಿ ಪೂರ್ತಿ ಮುಗಿಸಲೇಬೇಕು. ಕತ್ತರಿ ದಾರಿ ತೆರೆಯುತ್ತೆ, ಕಾಯಿಲೆಯನ್ನು ತೆಗೆಯೋದಿಲ್ಲ.

ಇಲ್ಲಿ ಓದುತ್ತಿರುವ ನಮಗೆ

ಇಂಗ್ಲೆಂಡಿನಲ್ಲಿ ಟಿಬಿ ಆಗುವ ಹತ್ತು ಜನರಲ್ಲಿ ಸುಮಾರು ಎಂಟು ಜನ ಬೇರೆ ದೇಶದಲ್ಲಿ ಹುಟ್ಟಿದವರು; ಆ ದೇಶಗಳ ಪಟ್ಟಿಯಲ್ಲಿ ಭಾರತ ಮೇಲಿದೆ. ನಾಚಿಕೆಗೆ ಕಾರಣವಿಲ್ಲ, ಎಚ್ಚರಕ್ಕೆ ಇದೆ. ಜಿಪಿ ಅಪಾಯಿಂಟ್‌ಮೆಂಟ್ ಸಿಗೋದು ಹತ್ತೇ ನಿಮಿಷ. ಆ ಹತ್ತು ನಿಮಿಷಕ್ಕೆ ಇಷ್ಟು ಬರೆದುಕೊಂಡು ಹೋಗಿ: ನೋವು ಶುರುವಾದ ದಿನಾಂಕ, ಎಷ್ಟು ಕಿಲೋ ಇಳಿದಿದ್ದೀರಿ, ಜ್ವರ ಬೆವರು ಇದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಯಾವ ಆಂಟಿಬಯಾಟಿಕ್ ನುಂಗಿದ್ದೀರಿ. ಕೊನೆಗೆ ನೇರವಾಗಿ ಕೇಳಿ: "ನಾನು ಭಾರತದಿಂದ ಬಂದವನು, ಇದು ಹೊಟ್ಟೆಯ ಟಿಬಿ ಆಗಿರಬಹುದಾ?" ಕೇಳೋದರಿಂದ ಡಾಕ್ಟರಿಗೆ ಅವಮಾನ ಆಗೋದಿಲ್ಲ. "ಸ್ವಲ್ಪ ಹೊಟ್ಟೆನೋವು ಅಷ್ಟೆ" ಅಂತ ಸಂಕೋಚದಿಂದ ಹೇಳಿ ಎದ್ದು ಬರಬೇಡಿ.

ನಿಲ್ಲದ ವಾಂತಿ, ಉಬ್ಬಿದ ಹೊಟ್ಟೆ, ಗಾಳಿಯೂ ಹೋಗದ ಸ್ಥಿತಿ, ಮುಟ್ಟಲಾಗದ ನೋವು, ಇವು ಬಂದರೆ ಜಿಪಿಗೆ ಕಾಯೋದಲ್ಲ. ನೇರವಾಗಿ ಎ ಅಂಡ್ ಇ, ಇಲ್ಲವೇ 999.

ಎನ್‌ಎಚ್‌ಎಸ್‌ನಲ್ಲಿ ಟಿಬಿ ಪತ್ತೆ ಮತ್ತು ಚಿಕಿತ್ಸೆ ಎಲ್ಲರಿಗೂ ಉಚಿತ. ಒಬ್ಬ ಟಿಬಿ ನರ್ಸ್ ನಿಮ್ಮ ಜೊತೆ ಕೊನೆಯವರೆಗೂ ಇರ್ತಾರೆ. ಟಿಬಿ ಬಂತು ಅನ್ನೋ ಕಾರಣಕ್ಕೆ ವೀಸಾ ರದ್ದಾಗೋದಿಲ್ಲ. ಆದರೆ ಓದಿಗೆ ದೀರ್ಘ ರಜೆ ಹಾಕಬೇಕಾದರೆ ವೀಸಾ ಪ್ರಾಯೋಜಕತೆಯ ನಿಯಮಗಳು ಅನ್ವಯ ಆಗುತ್ತವೆ. ರಜೆ ಹಾಕುವ ಮುಂಚೆಯೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮಾತಾಡಿ.

ಮನೆ ಹಂಚಿಕೊಂಡಿರುವವರಿಗೆ ಒಂದು ಮಾತು. ಶ್ವಾಸಕೋಶದಲ್ಲಿ ಇಲ್ಲದೆ ಹೊಟ್ಟೆಯಲ್ಲಿ ಮಾತ್ರ ಇರುವ ಟಿಬಿ ಒಟ್ಟಿಗೆ ಊಟ ಮಾಡೋದರಿಂದ, ಒಂದೇ ತಟ್ಟೆ ಲೋಟದಿಂದ ಅಂಟೋದಿಲ್ಲ. ಶ್ವಾಸಕೋಶದ ಟಿಬಿಯಲ್ಲೇ, ಮನೆಯಲ್ಲಿದ್ದು ಔಷಧಿ ತಗೊಳ್ಳೋದು ಸ್ಯಾನಟೋರಿಯಂನಷ್ಟೇ ಪರಿಣಾಮಕಾರಿ ಅಂತ 1959ರಲ್ಲೇ ಮದ್ರಾಸಿನ ಅಧ್ಯಯನ ತೋರಿಸಿತ್ತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮತ್ತು ಭಾರತ ಸೇರಿ ಮಾಡಿದ ಕೆಲಸ ಅದು. ಹಾಗಾಗಿ ಗೆಳೆಯನ ತಟ್ಟೆ ಬೇರೆ ಇಡೋದಲ್ಲ, ಅವನಿಗೆ ಮೆತ್ತಗೆ ಅನ್ನ, ಹೆಸರುಬೇಳೆ ತೊವ್ವೆ ಮಾಡಿಕೊಡೋದು ನಮ್ಮ ಕೆಲಸ. ದಾರಿ ಕಿರಿದಾಗಿರುವಾಗ ನಾರಿನ ಸೊಪ್ಪು, ಸಿಪ್ಪೆಯ ಹಣ್ಣು ಬೇಡ ಅಂತ ಆಹಾರ ತಜ್ಞರು ಹೇಳಬಹುದು.

ಊರಿನಲ್ಲಿ ಹೇಳೋದು ಕೆಲವರಿಗೆ ಕಾಯಿಲೆಗಿಂತ ಕಷ್ಟ. "ಟಿಬಿ" ಅನ್ನೋ ಪದವನ್ನು ನಮ್ಮ ಮನೆಗಳಲ್ಲಿ ಇವತ್ತಿಗೂ ದನಿ ತಗ್ಗಿಸಿ ಹೇಳ್ತಾರೆ, ನಾಳೆ ಮದುವೆ ಮಾತುಕತೆಗೆ ಅಡ್ಡಿಯಾದೀತು ಅಂತ. ನಮ್ಮ ಗೆಳೆಯ ಒಂದು ತಿಂಗಳು ಹೇಳಲೇ ಇಲ್ಲ. ಹೇಳಿದ ದಿನ ಅವರಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಮಾತ್ರೆ ಸರಿಯಾಗಿ ತಗೊಳ್ತಿದ್ದೀಯೇನೋ?" ಆಮೇಲೆ ದಿನಾ ಬೆಳಿಗ್ಗೆ ಅಮ್ಮನ ಮೆಸೇಜ್ ಬರೋದು, ಇವನು ಖಾಲಿ ಪಟ್ಟಿಯ ಫೋಟೋ ಕಳಿಸೋದು. 6 ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ.

ಊರಿನಲ್ಲೇ ಯಾರಿಗಾದರೂ ಇಂಥ ಲಕ್ಷಣ ಇದ್ದರೂ ಇದೇ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿ ಔಷಧಿ ಉಚಿತ. ಜೊತೆಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಲಾಗಿದೆ. ಇದು ವಾಸಿಯಾಗುವ ಕಾಯಿಲೆ. ಬೇಕಾಗಿರೋದು ಬೇಗ ಅನುಮಾನ ಪಡುವ ಒಬ್ಬ ಡಾಕ್ಟರು, ಸಂಕೋಚ ಬಿಟ್ಟು ಮಾತಾಡುವ ಒಬ್ಬ ರೋಗಿ, ಮತ್ತೆ "ನಡಿ, ನಾವೂ ಬರ್ತೀವಿ" ಅಂತ ಜೊತೆಗೆ ಹೋಗುವ ಇಬ್ಬರು ಗೆಳೆಯರು.